ನೂರಾ ಹದಿನೈದಕ್ಕೆ ನಿಲ್ಲುವ ವ್ಯಾನು

ವ್ಯಾನಿಗೆ ಅಲಾಯ್ ವೀಲ್ ಹಾಕಿಸುವವರು ಚೆಂದ ನೋಡಿ ಹಾಕಿಸುತ್ತಾರೆ. ನಾನು ತೀರಿಕೊಂಡವರೊಬ್ಬರ ಮನೆ ಎಷ್ಟು ದೂರ ಅಂತ ಅಳೆದು ಹಾಕಿಸಿದೆ.

ಇದನ್ನು ಅಹಮದಾಬಾದಿನಲ್ಲಿ ಯಾರಿಗೆ ಹೇಳಿದರೂ ನಗುತ್ತಾರೆ. ತಪ್ಪು ಅವರದಲ್ಲ. ಸಾಬರಮತಿಗೆ ನೀರು ಬಂದ ವರ್ಷ ವ್ಯಾನನ್ನು ದೋಣಿಯ ಹಾಗೆ ತೇಲಿಸಿಕೊಂಡು ಹೋಗಿ, ಆಚೆ ದಡದಲ್ಲಿ ಪಂಕ್ಚರ್ ಹಾಕಿಸಿಕೊಂಡು ಬಂದೆ ಅಂತ ಹೇಳಿದವನು ನಾನೇ. ವಟ್ವಾದ ಬಣ್ಣದ ಕಾರ್ಖಾನೆಯ ಹಿಂದೆ ಮೇದ ಎಮ್ಮೆ ಮೂರು ದಿನ ನೇರಳೆ ಬಣ್ಣದ ಹಾಲು ಕೊಟ್ಟಿತು, ಆ ಹಾಲಿನ ಪಾಯಸವನ್ನು ಕನ್ನಡ ಸಂಘದಲ್ಲಿ ಮುನ್ನೂರು ಜನ ಕುಡಿದರು ಅಂತ ಹೇಳಿದವನೂ ನಾನೇ. ಎಮ್ಮೆಯ ಮಾತಿನಲ್ಲಿ ಸ್ವಲ್ಪ ನಿಜ ಇತ್ತು. ಈ ಮಾತಿನಲ್ಲಿ ಪೂರ್ತಿ ಇದೆ.

ವ್ಯಾನು ಮೊದಲು ನನ್ನದಲ್ಲ, ಅನಂತರಾಮ ಸಾಹೇಬರದು. ಮೈಸೂರಿನವರು, ಬ್ಯಾಂಕಿನಲ್ಲಿ ಅಧಿಕಾರಿ. ಮೂರು ವರ್ಷಕ್ಕೊಂದು ಊರು ಅಂತ ಇಪ್ಪತ್ತೆಂಟು ವರ್ಷ ತಿರುಗಿದವರು. ಕಡೆಯ ಸಲ ವಡೋದರದಿಂದ ಅಹಮದಾಬಾದಿಗೆ ಹಾಕಿದಾಗ ಅವರ ಹೆಂಡತಿ ಗಿರಿಜಮ್ಮ, "ಇನ್ನು ನನ್ನ ಕೈಲಿ ಪಾತ್ರೆ ಪಗಡ ಕಟ್ಟೋಕಾಗಲ್ಲ" ಅಂತ ಅಲ್ಲಿನ ಮಕರಪುರದ ಕ್ವಾರ್ಟರ್ಸಿನಲ್ಲೇ ಉಳಿದುಬಿಟ್ಟರು. ಸಾಹೇಬರು ಅಹಮದಾಬಾದಿನ ಮಣಿನಗರದಲ್ಲಿ ಒಂದು ಮಹಡಿ ಮನೆ ಹಿಡಿದರು. ಗೇಟಿನ ಪಕ್ಕದ ಕೋಣೆಯಲ್ಲಿ ನಾನು, ನನ್ನ ಹೆಂಡತಿ ಸಾವಿತ್ರಿ. ಅವಳು ಅವರಿಗೆ ಅಡುಗೆ ಮಾಡುತ್ತಿದ್ದಳು, ನಾನು ಅವರ ಮಾರುತಿ ವ್ಯಾನು ಓಡಿಸುತ್ತಿದ್ದೆ.

ಶನಿವಾರ ಬ್ಯಾಂಕು ಅರ್ಧ ದಿನ. ಮಧ್ಯಾಹ್ನ ಎರಡಕ್ಕೆ ಸಾಹೇಬರು ಗೇಟಿನಲ್ಲಿ ವ್ಯಾನು ಹತ್ತಿ ಮುಂದೆ ಎಡಗಡೆ ಕೂರುತ್ತಿದ್ದರು. ಬಾಯಲ್ಲಿ ಒಂದು ಏಲಕ್ಕಿ. ಮೀಟರಿನ ನಂಬರನ್ನು ಗಟ್ಟಿಯಾಗಿ ಓದಿ, "ಸರಿ ನಂಜುಂಡ. ಮನೆ ನೂರಾ ಹತ್ತೊಂಬತ್ತು" ಅನ್ನುತ್ತಿದ್ದರು. ಈ ಗೇಟಿನಿಂದ ಮಕರಪುರದ ಗೇಟಿಗೆ ನೂರಾ ಹತ್ತೊಂಬತ್ತು ಕಿಲೋಮೀಟರ್. ಅವರಿಗೆ ಊರುಗಳ ಹೆಸರು ಬೇಕಿರಲಿಲ್ಲ. ನಡಿಯಾದ್ ಬಂತು ಅಂದರೆ, "ನಲವತ್ತೆಂಟು ಆಯ್ತು" ಅನ್ನೋರು. ದಾರಿಯುದ್ದಕ್ಕೂ ನಾನು ಕಥೆ ಹೇಳುತ್ತಿದ್ದೆ. ಅವರು ಕಿಟಕಿ ಗಾಜಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕಥೆ ಸರಿಯಾಗಿ ಮನೆ ಗೇಟಿನ ಮುಂದೆ ಮುಗಿಯುವ ಹಾಗೆ ನಾನು ಎಳೆಯುತ್ತಿದ್ದೆ. ಮುಗಿದ ಮೇಲೆ ಅವರದು ಒಂದೇ ಮಾತು: "ಒಂದು ಸೊನ್ನೆ ತೆಗೆದರೆ ನಂಬಬಹುದು ಕಣೋ."

ತೊಂಬತ್ತೈದನೇ ಇಸವಿಯ ಒಂದು ಶನಿವಾರ ಎಮ್ಮೆಯ ಕಥೆ ಹಿಡಿದಿದ್ದೆ. ಅವತ್ತು ರಸ್ತೆ ಖಾಲಿ, ವ್ಯಾನು ಬೇಗ ಬಂದುಬಿಟ್ಟಿತು. ಮನೆಗೆ ನಾಲ್ಕೇ ಕಿಲೋಮೀಟರ್ ಉಳಿದಿದೆ, ಎಮ್ಮೆ ಇನ್ನೂ ಹಾಲೇ ಕೊಟ್ಟಿಲ್ಲ. ಹೈವೇ ಪಕ್ಕ ಬೇವಿನ ಮರದ ಕೆಳಗೆ ಒಂದು ಟೀ ಅಂಗಡಿ. ನಿಲ್ಲಿಸಿದೆ.

"ಮನೆಗೆ ಹೋಗಿ ಕುಡಿಯೋಣ ಬಿಡೋ" ಅಂದರು ಸಾಹೇಬರು. "ಯಾಕೋ ಎದೆ ಹಿಡಿದಂಗಿದೆ, ಗ್ಯಾಸು ಇರಬೇಕು."

"ಹತ್ತೇ ನಿಮಿಷ ಸಾಹೇಬ್ರೇ. ಕಥೆ ಅರ್ಧಕ್ಕೆ ನಿಂತಿದೆ."

"ಸರಿ, ಕುಡಿದು ಬಾ. ನಾನು ಕಣ್ಣು ಮುಚ್ಚಿಕೊಂಡಿರ್ತೀನಿ."

ಟೀ ಅಂಗಡಿಯಲ್ಲಿ ಲಾರಿಯವರು ನಾಲ್ಕು ಜನ ಸಿಕ್ಕಿದರು. ಅವರಿಗೂ ಎಮ್ಮೆಯನ್ನು ಮೊದಲಿನಿಂದ ಹೇಳಿದೆ. ನಕ್ಕರು, ಇನ್ನೊಂದು ಟೀ ಕೊಡಿಸಿದರು. ಆ ಲೋಟ ಹಿಡಿದುಕೊಂಡೇ ವ್ಯಾನಿನ ಹತ್ತಿರ ಬಂದು ನೋಡಿದೆ. ಸಾಹೇಬರ ತಲೆ ಗಾಜಿಗೆ ಆನಿಕೊಂಡಿತ್ತು, ಕಣ್ಣು ತೆರೆದಿತ್ತು. ಲೋಟ ನನ್ನ ಷರಟಿನ ಮೇಲೇ ಮಗುಚಿಕೊಂಡಿತು. ಮೀಟರಿನ ಲೆಕ್ಕದಲ್ಲಿ ಮಣಿನಗರದ ಗೇಟಿನಿಂದ ನೂರಾ ಹದಿನೈದು ಆಗಿತ್ತು.

ಗಿರಿಜಮ್ಮನವರಿಗೆ, "ವ್ಯಾನು ಓಡ್ತಾ ಇರೋವಾಗಲೇ ಹೋಗಿಬಿಟ್ರು, ಒಂದು ಕ್ಷಣದಲ್ಲಿ" ಅಂದೆ. ನನ್ನ ಎಲ್ಲ ಸುಳ್ಳುಗಳಲ್ಲಿ ಯಾರೂ ನಗದೇ ಇದ್ದದ್ದು ಅದೊಂದೇ.

ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಗಿರಿಜಮ್ಮ ವ್ಯಾನನ್ನು ನನಗೇ ಬಿಟ್ಟರು. ನಾನು ಬಾಡಿಗೆ ಓಡಿಸಲು ಶುರು ಮಾಡಿದೆ. ಮಣಿನಗರದ ಕೋಣೆ ಹಾಗೇ ಇತ್ತು, ವ್ಯಾನು ಅದೇ ಗೇಟಿನಲ್ಲಿ ನಿಲ್ಲುತ್ತಿತ್ತು.

ಮೊದಲನೇ ಬಾಡಿಗೆ ಸೂರತ್ತಿಗೆ, ಸೀರೆ ವ್ಯಾಪಾರದವರು ಮೂರು ಜನ. ಗೇಟಿನಲ್ಲಿ ಕೀ ತಿರುಗಿಸಿದೆ. ಎಡಗಡೆ ಸೀಟು ಕಿರ್ ಅಂತ ಎರಡು ಬೆರಳಷ್ಟು ಕುಸಿಯಿತು. ಅಲ್ಲಿ ಯಾರೂ ಇರಲಿಲ್ಲ, ಮೂವರೂ ಹಿಂದೆ ಕೂತಿದ್ದರು. ಆಮೇಲೆ ಏಲಕ್ಕಿ ವಾಸನೆ ಬಂತು. ಬೇವಿನ ಮರದ ಟೀ ಅಂಗಡಿಯ ಮುಂದೆ ಇಂಜಿನ್ ತಾನಾಗಿ ಆರಿಹೋಯಿತು. ನಡು ಮಧ್ಯಾಹ್ನ, ಸುಡುಬಿಸಿಲು. ಹತ್ತು ನಿಮಿಷ ಏನು ಮಾಡಿದರೂ ಕೆಮ್ಮಲಿಲ್ಲ. ಹತ್ತು ನಿಮಿಷ ಆದಮೇಲೆ ಸೀಟು ಕಿರ್ ಅಂತ ಮೇಲೆದ್ದಿತು, ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಎಡಗಡೆ ಕಿಟಕಿ ಗಾಜಿನ ಮೇಲೆ ತಲೆಗೆಣ್ಣೆಯ ಗುರುತು ದುಂಡಗೆ ಕೂತಿತ್ತು.

ಅದನ್ನು ಒರೆಸಿದೆ. ಮುಂದಿನ ಸಲ ಮತ್ತೆ ಬಂತು.

ಜಾಗದ ದೋಷ ಇರಬೇಕು ಅಂತ ಎರಡು ತಿಂಗಳು ಆ ರಸ್ತೆಗೇ ಹೋಗಲಿಲ್ಲ. ಭಾವನಗರದ ಕಡೆ ಹೋದೆ, ಪಾಲನ್‌ಪುರದ ಕಡೆ ಹೋದೆ. ಎಲ್ಲಿ ಹೋದರೂ ಆ ಗೇಟಿನಿಂದ ನೂರಾ ಹದಿನೈದಕ್ಕೆ ವ್ಯಾನು ನಿಲ್ಲುತ್ತಿತ್ತು. ಒಂದು ಸಲ ಹತ್ತಿ ಹೊಲದ ನಡುವೆ, ಒಂದು ಸಲ ರೈಲ್ವೆ ಗೇಟಿನ ಹಳಿ ಮೇಲೇ. ನಿಂತಾಗ ತಳ್ಳಿ ನೋಡಿದೆ. ಕಲ್ಲು ತುಂಬಿದ ಲಾರಿಯನ್ನು ತಳ್ಳಿದ ಹಾಗಿತ್ತು. ಮೀಟರಿನ ವೈರು ಕಿತ್ತು ನೋಡಿದೆ. ಅವತ್ತು ಗೇಟಿನಿಂದ ವ್ಯಾನು ಕದಲಲೇ ಇಲ್ಲ.

ಆಗ ನನಗೆ ಅರ್ಥವಾಯಿತು. ಸಾಹೇಬರು ಬದುಕಿದ್ದಾಗ ಹೇಗೋ ಈಗಲೂ ಹಾಗೇ, ಅವರಿಗೆ ದಾರಿ ಗೊತ್ತಿಲ್ಲ, ಮೀಟರು ಮಾತ್ರ ಗೊತ್ತು. ಮೀಟರು ನೂರಾ ಹದಿನೈದಕ್ಕೆ ನಿಂತ ದಿನ ಅವರ ಪ್ರಯಾಣವೂ ಅಲ್ಲಿಗೇ ನಿಂತಿದೆ. ಅಲ್ಲಿ ಇಳಿಯುತ್ತಾರೆ. ಮನೆ ಕಾಣುವುದಿಲ್ಲ. ಮತ್ತೆ ಬಂದು ಮಣಿನಗರದ ಗೇಟಿನಲ್ಲಿ ನಿಲ್ಲುತ್ತಾರೆ.

ಸಾವಿತ್ರಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಹೋದ ವಾರ ನದಿ ಮೇಲೆ ವ್ಯಾನು ತೇಲ್ತು. ಈ ವಾರ ಸಾಹೇಬರು ಸವಾರಿ ಬರ್ತಾರೆ. ಬರೋ ವಾರ ಯಮ ಡೀಸೆಲ್ ಹಾಕಿಸ್ಕೊಡ್ತಾನಾ?"

"ಇದು ಪೆಟ್ರೋಲ್ ವ್ಯಾನು ಕಣೇ."

"ಅದೊಂದು ನಿಜ ಹೇಳಿದ್ರಿ. ಅಷ್ಟು ಕಷ್ಟ ಆದ್ರೆ ವ್ಯಾನನ್ನ ಬೇರೆ ಕಡೆ ನಿಲ್ಲಿಸಿ."

ಹಾಗೇ ಮಾಡಿದೆ. ವಟ್ವಾದಲ್ಲಿ ಗೆಳೆಯನ ಗ್ಯಾರೇಜಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಅಲ್ಲಿಂದಲೇ ಹೊರಟೆ. ಸೀಟು ಕುಸಿಯಲಿಲ್ಲ. ವಾಸನೆ ಇಲ್ಲ. ನೂರಾ ಹದಿನೈದು ದಾಟಿತು, ಇನ್ನೂರು ದಾಟಿತು. ಸೂರತ್ತಿನಲ್ಲಿ ಹೊಟ್ಟೆ ತುಂಬ ತಿಂದೆ. ವಾಪಸು ಬಂದಾಗ ಸಾವಿತ್ರಿ ಗೇಟಿನ ಒಳಗಡೆ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು.

"ಇವತ್ತು ಎಲ್ಲಿಂದ ಹೊರಟ್ರಿ?"

"ಯಾಕೆ?"

"ಬೆಳಿಗ್ಗೆಯಿಂದ ಗೇಟಿನ ಹತ್ರ ಏಲಕ್ಕಿ ವಾಸನೆ. ಚಿಲಕ ಅಲ್ಲಾಡ್ತಾನೇ ಇದೆ. ನಾನು ಹೋಗಿ, 'ವ್ಯಾನು ಇಲ್ಲ ಸಾಹೇಬ್ರೇ, ಒಳಗೆ ಬನ್ನಿ' ಅಂತ ಹೇಳಿದೆ. ಬರಲಿಲ್ಲ." ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಅವರನ್ನ ಹಾಗೆ ಕಾಯಿಸಬೇಡ್ರಿ."

ತಪ್ಪಿಸಿಕೊಳ್ಳುವ ದಾರಿ ಸಿಕ್ಕಿತ್ತು, ಅವತ್ತೇ ಮುಚ್ಚಿಕೊಂಡಿತು. ಇನ್ನು ಅವರನ್ನು ಮನೆ ಮುಟ್ಟಿಸುವುದೊಂದೇ ಉಳಿದದ್ದು. ಅದಕ್ಕೂ ದಿನ ಕಡಿಮೆ ಇತ್ತು. ಗಿರಿಜಮ್ಮ ಫೋನ್ ಮಾಡಿದ್ದರು. ಕ್ವಾರ್ಟರ್ಸಿನಲ್ಲಿ ಬ್ಯಾಂಕಿನವರು ಒಂದು ವರ್ಷ ಇರಲು ಬಿಟ್ಟಿದ್ದರಂತೆ, ಆಗಸ್ಟ್ ಮೂವತ್ತೊಂದಕ್ಕೆ ಖಾಲಿ ಮಾಡಬೇಕು. ಸೂರತ್ತಿನಲ್ಲಿ ಮಗಳು ಮೇದಿನಿ ಮನೆಗೆ ಹೋಗುತ್ತಾರೆ. "ಸಾಮಾನು ಮುಂಚೆ ಲಾರಿಯಲ್ಲಿ ಕಳಿಸ್ತೀನಿ. ನನ್ನನ್ನ ನೀನೇ ಬಂದು ಕರ್ಕೊಂಡು ಹೋಗು ನಂಜುಂಡ" ಅಂದಿದ್ದರು. ಅವರು ಹೋದಮೇಲೆ ಸಾಹೇಬರಿಗೆ ಸೇರಲು ಮನೆ ಎಲ್ಲಿದೆ?

ವಟ್ವಾ ರಸ್ತೆಯಲ್ಲಿ ರಜನಿಭಾಯಿಯ ಟೈರ್ ಅಂಗಡಿ. ಗುಜರಾತಿ ಮನುಷ್ಯ, ಹೊಟ್ಟೆ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ನಮ್ಮಿಬ್ಬರ ಮಾತು ಹಿಂದಿಯಲ್ಲಿ, ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. ನಾನು ಸುಮ್ಮನೆ ಹರಟೆಗೆ ಅಂತ ಹೋಗಿದ್ದೆ. ಯಾರೋ ಒಬ್ಬ ವ್ಯಾನಿಗೆ ಅಲಾಯ್ ವೀಲ್ ಬೇಕು ಅಂತ ಬಂದಿದ್ದ. ರಜನಿಭಾಯಿ ಅವನಿಗೆ ಬುದ್ಧಿ ಹೇಳುತ್ತಿದ್ದ.

"ನಿನ್ನ ವ್ಯಾನಿಂದು ಹನ್ನೆರಡು ಇಂಚಿನ ಚಕ್ರ. ಹದಿಮೂರು ಹಾಕಿಸಿದರೆ ನೋಡಕ್ಕೆ ಚೆನ್ನಾಗಿರುತ್ತೆ, ಆದರೆ ಮೀಟರು ಸುಳ್ಳು ಹೇಳುತ್ತೆ. ದೊಡ್ಡ ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ. ಮೀಟರಿಗೆ ಅದು ಗೊತ್ತಾಗಲ್ಲ. ನೀನು ನೂರಾ ಐದು ಹೋಗಿರ್ತೀಯ, ಅದು ನೂರು ಅನ್ನುತ್ತೆ."

ನಾನು ಸ್ಟೂಲಿನಿಂದ ಎದ್ದುಬಿಟ್ಟೆ.

"ರಜನಿಭಾಯಿ, ನನಗೂ ಹಾಕು. ಇವತ್ತೇ. ಇರೋದರಲ್ಲಿ ದೊಡ್ಡದು."

ಆತುರ ಪಟ್ಟೆ. ನಾಲ್ಕು ಬೋಲ್ಟ್ ತೂತಿನ ಹದಿಮೂರು ಇಂಚಿನ ಅಲಾಯ್, ಅದರ ಮೇಲೆ ದಪ್ಪ ಟೈರು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಗರಗರ ಅಂತ ಉಜ್ಜುತ್ತಿತ್ತು. ಮಾರನೇ ದಿನ ಗೇಟಿನಿಂದ ಹೊರಟೆ, ಸೀಟು ಕುಸಿಯಿತು. ಟೀ ಅಂಗಡಿ ಬಂತು, ಇಂಜಿನ್ ಆರಲಿಲ್ಲ. ಕುಣಿಯುವುದೊಂದು ಬಾಕಿ. ಮಕರಪುರದ ಗೇಟಿನ ಮುಂದೆ ನಿಲ್ಲಿಸಿ, ಇಳಿದು ಸುತ್ತಿ ಬಂದು ಎಡಗಡೆ ಬಾಗಿಲು ತೆಗೆದೆ. ಗಿರಿಜಮ್ಮ ಊರಲ್ಲಿರಲಿಲ್ಲ, ಮಗಳ ಮನೆಗೆ ಹೋಗಿದ್ದರು.

"ಸಾಹೇಬ್ರೇ, ಮನೆ ಬಂತು."

ಸೀಟು ಏಳಲಿಲ್ಲ. ಬಗ್ಗಿ ಮೀಟರು ನೋಡಿದೆ. ನೂರಾ ಹನ್ನೊಂದು. ಅವರ ಲೆಕ್ಕದಲ್ಲಿ ಇನ್ನೂ ನಾಲ್ಕು ಇತ್ತು. ಬೇಡಿಕೊಂಡೆ, ಗೇಟು ತೆಗೆದು ತೋರಿಸಿದೆ. ಬದುಕಿದ್ದಾಗ ಮೀಟರು ಬಿಟ್ಟು ಇನ್ನೇನನ್ನೂ ನಂಬದ ಮನುಷ್ಯ, ಸತ್ತಮೇಲೆ ನಂಜುಂಡನ ಮಾತು ನಂಬುತ್ತಾರಾ? ಮುಂದೆ ಹೋದೆ. ಮಕರಪುರ ಎಸ್ಟೇಟಿನಲ್ಲಿ ಒಂದು ಕಾರ್ಖಾನೆ ಗೇಟಿನ ಎದುರು ಇಂಜಿನ್ ಆರಿತು. ಶಿಫ್ಟು ಬಿಡುವ ಸೈರನ್ ಕೂಗುತ್ತಿತ್ತು, ನೂರಾರು ಜನ ಸೈಕಲ್ ತಳ್ಳಿಕೊಂಡು ಹೊರಗೆ ಬರುತ್ತಿದ್ದರು. ಆ ಗುಂಪಿನ ನಡುವೆ ಸೀಟು ಮೇಲೆದ್ದಿತು. ಮಾರನೇ ದಿನ ಮಣಿನಗರದಲ್ಲಿ ಅವರು ಹತ್ತಿದಾಗ ಏಲಕ್ಕಿ ವಾಸನೆಯ ಜೊತೆ ಗ್ರೀಸಿನ ವಾಸನೆಯೂ ಬಂತು. ಎಷ್ಟು ಹೊತ್ತು ಆ ಯಂತ್ರಗಳ ಮಧ್ಯೆ ಮನೆ ಹುಡುಕಿದರೋ.

ಮತ್ತೆ ರಜನಿಭಾಯಿ ಹತ್ತಿರ ಹೋದೆ.

"ಸರಿಯಾದ ಅಳತೆ ಬೇಕು. ನೂರಾ ಹತ್ತೊಂಬತ್ತು ಹೋದರೆ ಮೀಟರು ನೂರಾ ಹದಿನೈದು ಅನ್ನಬೇಕು. ಒಂದು ಗೇಟಿನಷ್ಟೂ ಆಚೀಚೆ ಆಗಬಾರದು."

"ಜನ ಮೀಟರು ಸರಿ ಇರಲಿ ಅಂತ ಬರ್ತಾರೆ. ನೀನು ಇಷ್ಟೇ ತಪ್ಪಿರಲಿ ಅಂತ ಬಂದಿದ್ದೀಯಲ್ಲ ನಂಜುಭಾಯಿ. ಯಾಕೆ?"

"ಒಬ್ಬರನ್ನ ಮನೆಗೆ ಬಿಡಬೇಕು."

ನಿಜವನ್ನೆಲ್ಲ ಹೇಳಿದೆ. ಹೊಟ್ಟೆ ಕುಣಿಸಿಕೊಂಡು ನಕ್ಕ. "ಇದು ಎಮ್ಮೆಗಿಂತ ಚೆನ್ನಾಗಿದೆ" ಅಂದ. ಆದರೆ ಕೆಲಸದಲ್ಲಿ ಅವನು ನಗುವವನಲ್ಲ. ಹಳೇ ಹನ್ನೆರಡಿಂಚಿನ ಚಕ್ರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ನೆಲದ ಮೇಲೆ ಸರಿಯಾಗಿ ಒಂದು ಸುತ್ತು ಉರುಳಿಸಿ ಟೇಪು ಹಿಡಿದ. ಐದು ಅಡಿ ಏಳು ಇಂಚು, ಅಂದರೆ ಅರವತ್ತೇಳು ಇಂಚು.

"ನೂರಾ ಹದಿನೈದು ಇಂಚಿಗೆ ನಾಲ್ಕು ಇಂಚು ಜಾಸ್ತಿ ಬೇಕು ಅಂತಾದ್ರೆ, ಅರವತ್ತೇಳಕ್ಕೆ ಎಷ್ಟು?"

ನಾನು ಓದಿದ್ದು ನಾಲ್ಕನೇ ಕ್ಲಾಸು. ಎಮ್ಮೆ ಹಾಗೆ ನಿಂತೆ. ಅವನೇ ಗೋಡೆ ಮೇಲೆ ಬರೆದು ಹೇಳಿದ. "ಎರಡೂಕಾಲು. ಅದರ ಮೇಲೆ ಒಂದು ಎಳೆ."

ಮಧ್ಯಾಹ್ನವೆಲ್ಲ ಉರುಳಿಸಿದೆವು. ಹನ್ನೆರಡಿಂಚಿನ ಅಲಾಯ್‌ಗೆ ದಪ್ಪ ಟೈರು ಹಾಕಿದರೆ ಒಂದೂಕಾಲು ಇಂಚೇ ಜಾಸ್ತಿ ಬಂತು, ಮನೆ ಮುಟ್ಟುವುದಿಲ್ಲ. ನಾನು ಮೊದಲು ಹಾಕಿಸಿದ್ದು ನಾಲ್ಕೂವರೆ ಇಂಚು, ಕಾರ್ಖಾನೆ ಗೇಟು. ಕಡೆಗೆ ಅದೇ ಹದಿಮೂರಿಂಚಿನ ಅಲಾಯ್ ಇಟ್ಟುಕೊಂಡು ಅದಕ್ಕೆ ಗಿಡ್ಡ ಗೋಡೆಯ ಅಗಲ ಟೈರು ಹಾಕಿ ಉರುಳಿಸಿದ. ಸುಣ್ಣದ ಗೆರೆ ನೆಲ ಮುಟ್ಟಿದ ಕಡೆ ಟೇಪು ಇಟ್ಟ. ಎರಡೂಕಾಲು, ಅದರ ಮೇಲೆ ಒಂದು ಎಳೆ.

ರಜನಿಭಾಯಿ ನಗಲಿಲ್ಲ. ವ್ಯಾನಿನ ಎಡಗಡೆ ಕಿಟಕಿಯ ಎಣ್ಣೆ ಗುರುತನ್ನು ನೋಡಿದ, ಒರೆಸಲು ಕೈ ಎತ್ತಿದವನು ಹಾಗೇ ಇಳಿಸಿದ.

ಆಗಸ್ಟ್ ಮೂವತ್ತೊಂದು ಶನಿವಾರವೇ ಬಂತು. ಮಧ್ಯಾಹ್ನ ಎರಡಕ್ಕೆ ಗೇಟಿನಲ್ಲಿ ನಿಲ್ಲಿಸಿದೆ. ಸಾವಿತ್ರಿ ಎಡಗಡೆ ಬಾಗಿಲು ತೆಗೆದು ಹಿಡಿದು, ಒಂದು ಏಲಕ್ಕಿಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ಸೀಟು ಕುಸಿಯಿತು. ಮೀಟರನ್ನು ಗಟ್ಟಿಯಾಗಿ ಓದಿದೆ: ನಲವತ್ತೆಂಟು ಸಾವಿರದ ಮುನ್ನೂರ ಹದಿನಾರು. ಮಳೆ ಹನಿಯುತ್ತಿತ್ತು. ದಾರಿಯಲ್ಲಿ ನಾನು ಒಂದು ಕಥೆಯನ್ನೂ ಹೇಳಲಿಲ್ಲ. ಬೇವಿನ ಮರದ ಹತ್ತಿರ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಎತ್ತಿಕೊಂಡೆ. ಇನ್ನು ನಾಲ್ಕು. ಮೂರು. ಎರಡು. ಕ್ವಾರ್ಟರ್ಸಿನ ರಸ್ತೆಗೆ ತಿರುಗಿದೆ. ಗೇಟಿಗೆ ಮೂಗು ತಾಗುವ ಹಾಗೆ ವ್ಯಾನು ಬಂದಾಗ ಮೀಟರಿನ ಕಡೆಯ ಅಂಕಿ ಉರುಳಿ, ಮಣಿನಗರದಿಂದ ನೂರಾ ಹದಿನೈದು ಆಯಿತು. ಇಂಜಿನ್ ಆರಿತು.

ಗಿರಿಜಮ್ಮ ದೇವರ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು, ಖಾಲಿ ಮನೆಗೆ ಬೀಗ ಹಾಕುತ್ತಿದ್ದರು. ನಾನು ಅವರ ಮುಂದೆ ಹೋಗಿ ನಿಂತೆ. ಹತ್ತು ನಿಮಿಷ ಮಾತ್ರ ಇದೆ ಅಂತ ಗೊತ್ತಿತ್ತು.

"ಅಮ್ಮಾವ್ರೇ, ಸಾಹೇಬರು ಬಂದಿದ್ದಾರೆ. ಅವತ್ತು ವ್ಯಾನು ಓಡ್ತಾ ಇರಲಿಲ್ಲ. ನಾನೇ ನಿಲ್ಲಿಸಿದ್ದೆ, ಟೀ ಕುಡಿಯೋಕೆ. ಅವರು ಬೇಡ ಅಂದ್ರು."

"ಗೊತ್ತು."

"ಯಾರು ಹೇಳಿದ್ರು?"

"ಅವತ್ತು ನಿನ್ನ ಷರಟಿನ ಮೇಲೆಲ್ಲ ಟೀ ಚೆಲ್ಲಿತ್ತು. ವ್ಯಾನು ಓಡಿಸ್ತಾ ಯಾರು ಟೀ ಕುಡೀತಾರೆ? ಕೇಳಿದ್ರೆ ಇನ್ನೊಂದು ಕಥೆ ಹೇಳ್ತೀಯ ಅಂತ ಸುಮ್ಮನಿದ್ದೆ." ಬೀಗ ಒಂದು ಸಲ ಎಳೆದು ನೋಡಿದರು. "ಒಂದು ವರ್ಷ ಕಾದೆ ನಂಜುಂಡ, ನೀನೇ ಹೇಳ್ತೀಯ ಅಂತ."

ಅವರು ವ್ಯಾನಿನ ಹತ್ತಿರ ಹೋದರು. ಕುಸಿದ ಸೀಟು ನೋಡಿದರು, ಗಾಜಿನ ಗುರುತು ನೋಡಿದರು. ಎಡಗಡೆ ಬಾಗಿಲಿನ ಹಿಡಿ ಮೆಲ್ಲಗೆ ತಾನಾಗಿ ತಿರುಗುತ್ತಿತ್ತು. ಗಿರಿಜಮ್ಮ ಅದರ ಮೇಲೆ ಕೈಯಿಟ್ಟು ಒತ್ತಿ ಹಿಡಿದರು.

"ಇಳೀಬೇಡಿ" ಅಂದರು. ದಿನಾ ಮಾತಾಡುವ ದನಿಯಲ್ಲೇ. "ಇಲ್ಲಿ ಇಳಿದ್ರೆ ನಾಳೆಯಿಂದ ಯಾರದೋ ಸಂಸಾರದ ಮಧ್ಯೆ ಇರಬೇಕಾಗುತ್ತೆ. ಮನೆ ಖಾಲಿ ಆಯ್ತು. ನಮಗೆ ಟ್ರಾನ್ಸ್‌ಫರ್ ಆಗಿದೆ ರೀ, ಸೂರತ್ತಿಗೆ."

ಹಿಡಿ ಅಲ್ಲಾಡುವುದು ನಿಂತಿತು. ನಾನು ಒಂದು ವರ್ಷ ಯೋಚಿಸಿದ್ದು, ಚಕ್ರ ಉರುಳಿಸಿದ್ದು ಎಲ್ಲ ಈ ಗೇಟಿನ ತನಕ. ಇದರಿಂದಾಚೆಗೆ ಒಂದು ಮನೆ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ. ಹತ್ತು ನಿಮಿಷ ಕಳೆಯಿತು. ಸೀಟು ಮೇಲೇಳಲಿಲ್ಲ.

ಗಿರಿಜಮ್ಮ ಅವರ ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಸೀಟಿನ ಬೆನ್ನಿನ ಮೇಲೆ ಕೈಯಿಟ್ಟರು. "ಮೀಟರು ಓದು. ಅವರಿಗೆ ಕೇಳಿಸೋ ಹಾಗೆ."

ಓದಿದೆ. ಕೀ ತಿರುಗಿಸಿದರೆ ಇಂಜಿನ್ ಹತ್ತಿಕೊಂಡಿತು.

ಭರೂಚಿನ ಸೇತುವೆ ದಾಟುವಾಗ ನರ್ಮದೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಅಂಕಲೇಶ್ವರ ಆದಮೇಲೆ ಗಿರಿಜಮ್ಮ ಕೇಳಿದರು, "ಏನೋ ಇಷ್ಟು ಸುಮ್ಮನಿದ್ದೀಯ? ಏನಾದ್ರೂ ಹೇಳು. ಅವರಿಗೆ ಅಭ್ಯಾಸ."

"ಅವತ್ತಿಂದು ಒಂದು ಅರ್ಧಕ್ಕೆ ನಿಂತಿದೆ ಅಮ್ಮಾವ್ರೇ."

"ಅದನ್ನೇ ಹೇಳು."

ಎಮ್ಮೆಯನ್ನು ಮತ್ತೆ ಬಣ್ಣದ ಕಾರ್ಖಾನೆಯ ಹಿಂದಕ್ಕೆ ಹೊಡೆದುಕೊಂಡು ಹೋದೆ. ಮಧ್ಯೆ ನಿಲ್ಲಿಸದೆ ಹೇಳಿದೆ. ಮಕರಪುರದಿಂದ ನೂರಾ ಹದಿನೈದು ಆದಾಗ ಇಂಜಿನ್ ಒಂದು ಸಲ ಕೆಮ್ಮಿತು, ವ್ಯಾನು ಜಗ್ಗಿತು. ಗಿರಿಜಮ್ಮ ಸೀಟನ್ನು ಮೆಲ್ಲಗೆ ತಟ್ಟಿ, "ಇನ್ನೂ ಇದೆ, ಕೂತ್ಕೊಳ್ಳಿ" ಅಂದರು. ಇಂಜಿನ್ ಸರಿಹೋಯಿತು.

ಮೇದಿನಿಯ ಮನೆ ಸೂರತ್ತಿನ ಅಡಾಜಣದಲ್ಲಿ. ಗೇಟಿನ ಮುಂದೆ ನಿಲ್ಲಿಸಿದಾಗ ನನ್ನ ಪಾಯಸವೂ ಬಡಿಸಿ ಆಗಿತ್ತು.

"ಮುನ್ನೂರು ಜನ ಕುಡಿದರು. ಮೂರು ದಿನ ಒಬ್ಬರ ನಾಲಿಗೆಯೂ ಕೆಂಪಗಿರಲಿಲ್ಲ" ಅಂತ ಮುಗಿಸಿದೆ.

ಗಿರಿಜಮ್ಮ ಮುಂದಕ್ಕೆ ಬಗ್ಗಿ ಮೀಟರು ಓದಿದರು. "ನಲವತ್ತೆಂಟು ಸಾವಿರದ ಐನೂರ ಎಪ್ಪತ್ತೊಂದು. ಇದು ಮನೆ. ಇಳೀರಿ."

ಕೀಗೆ ನಾನು ಕೈ ಹಚ್ಚಿರಲಿಲ್ಲ. ಇಂಜಿನ್ ಆರಿತು. ಆ ನಿಶ್ಶಬ್ದದಲ್ಲಿ ಎಡಗಡೆಯಿಂದ, ಗಂಟಲು ಸರಿಮಾಡಿಕೊಂಡ ಹಾಗೆ ಕೇಳಿಸಿತು: "ಒಂದು ಸೊನ್ನೆ ತೆಗೆದರೆ ನಂಬಬಹುದು ಕಣೋ."

ಗಿರಿಜಮ್ಮನ ಮುಖ ನೋಡಿದೆ. ಅವರಿಗೂ ಕೇಳಿಸಿತ್ತು. ಸೀಟು ಕಿರ್ ಅಂತ ಮೇಲೆದ್ದಿತು. ಬಾಗಿಲು ತೆರೆಯಿತು, ಮುಚ್ಚಿತು. ಮೇದಿನಿ ಹೊರಗೆ ಬಂದು, "ಖಾಲಿ ಸೀಟಿನ ಹತ್ರ ಏನು ಮಾತಾಡ್ತಾ ಇದ್ಯಮ್ಮ?" ಅಂತ ಕೇಳಿದಳು. ಗಿರಿಜಮ್ಮ ದೇವರ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟು, "ಕಾಲಿಗೆ ನೀರು ತಾ. ಎರಡು ಚೊಂಬು" ಅಂದರು.

ಆಮೇಲೆ ಮಣಿನಗರದ ಗೇಟಿನಲ್ಲಿ ಯಾರೂ ಹತ್ತಲಿಲ್ಲ. ಹಳೇ ಚಕ್ರ ವಾಪಸು ಹಾಕಿಕೊಡುತ್ತೇನೆ, ಮೀಟರು ಸರಿಹೋಗುತ್ತದೆ ಅಂತ ರಜನಿಭಾಯಿ ಎರಡು ಸಲ ಕರೆದ. ಬೇಡ ಅಂದೆ. ಈ ಚಕ್ರದ ಲೆಕ್ಕದಲ್ಲಿ ಬೇವಿನ ಮರದ ಟೀ ಅಂಗಡಿ ನೂರಾ ಹನ್ನೊಂದಕ್ಕೆ ಬರುತ್ತದೆ. ಲಾರಿಯವರು ಕೈ ಬೀಸಿ ಕರೆಯುತ್ತಾರೆ, ಎಮ್ಮೆಯ ಕಥೆ ಕೇಳಬೇಕಂತೆ. ನಾನು ಹಾರ್ನ್ ಮಾಡಿ ಮುಂದೆ ಹೋಗುತ್ತೇನೆ. ಇನ್ನೂ ನಾಲ್ಕು ಕಿಲೋಮೀಟರ್ ಹೋಗಿ, ಬೇರೆ ಯಾರೋ ಇರುವ ಆ ಕ್ವಾರ್ಟರ್ಸಿನ ರಸ್ತೆ ತಿರುವಿನಲ್ಲಿ ನಿಲ್ಲಿಸಿ ಅಲ್ಲಿ ಟೀ ಕುಡಿಯುತ್ತೇನೆ. ಎಡಗಡೆ ಗಾಜಿನ ಎಣ್ಣೆ ಗುರುತು ಇನ್ನೂ ಇದೆ. ಒರೆಸಿದರೆ ಈಗ ಹೋಗಿಬಿಡುತ್ತದೆ. ನಾನೇ ಒರೆಸಿಲ್ಲ.